ಮೂವತ್ತೆಂಟರ ರಿವಾಲ್ವರ್, ಒಂಬತ್ತರ ಪಿಸ್ತೂಲು

ಆದೇಶ ಬಂದದ್ದು ಎರಡೇ ಸಾಲಿನಲ್ಲಿ. ಗನ್‌ಮ್ಯಾನ್ ಕೆಲಸದಲ್ಲಿರುವವರ ಹತ್ತಿರ ಇನ್ನೂ ಉಳಿದಿರುವ ಪಾಯಿಂಟ್ ಮೂವತ್ತೆಂಟರ ರಿವಾಲ್ವರುಗಳನ್ನು ವಾಪಸ್ ಪಡೆದು ಒಂಬತ್ತು ಎಂಎಂ ಪಿಸ್ತೂಲು ಕೊಡಬೇಕು. ತಿಂಗಳ ಕೊನೆಯೊಳಗೆ ಪಿಸ್ತೂಲಿನ ಗುರಿ ಪರೀಕ್ಷೆಯಲ್ಲಿ ಪಾಸಾಗದವರನ್ನು ಆ ಕೆಲಸದಿಂದ ಬದಲಿಸಬೇಕು. ನಾನು ಪೊಲೀಸ್ ಸಬ್‌ಇನ್‌ಸ್ಪೆಕ್ಟರ್, ಶಸ್ತ್ರ ತರಬೇತಿ ನೋಡಿಕೊಳ್ಳುವವನು. ಪರೀಕ್ಷೆ ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಮೊದಲ ದಿನವೇ ಪಾಸಾದರು. ಆ ಒಬ್ಬರ ಸಲುವಾಗಿ ಇದನ್ನು ಬರೆಯುತ್ತಿದ್ದೇನೆ.

ಮೂವತ್ತೆಂಟು ಮೇಲೋ ಒಂಬತ್ತು ಮೇಲೋ ಅನ್ನುವ ವಾದ ನಮ್ಮ ಶಸ್ತ್ರಾಗಾರದಲ್ಲಿ ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಇತ್ತು. ಒಂದು ಕಡೆ ನಮ್ಮ ಆರ್ಮರರ್, ಅಂದರೆ ಬಂದೂಕುಗಳನ್ನು ಬಿಚ್ಚಿ ಒರೆಸಿ ರಿಪೇರಿ ಮಾಡುವ ಎಎಸ್‌ಐ. ಯಲಬುರ್ಗಾ ಕಡೆಯವರು, ನಿವೃತ್ತಿಗೆ ಹತ್ತಿರ ಬಂದವರು. ದರ್ಜೆಯಲ್ಲಿ ನಾನು ಮೇಲಿದ್ದರೂ ಅವರನ್ನು ಕಾಕಾ ಅಂತಲೇ ಕರೆಯುತ್ತೇನೆ. ಅವರದು ಮೂವತ್ತೆಂಟರ ಪಾರ್ಟಿ. ಇನ್ನೊಂದು ಕಡೆ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು, ಒಂಬತ್ತರ ಪಾರ್ಟಿ. ಚಹಾ ಬಂದ ಕೂಡಲೇ ಇಬ್ಬರಲ್ಲಿ ಯಾರಾದರೊಬ್ಬರು ಶುರು ಮಾಡುತ್ತಿದ್ದರು.

"ರಿವಾಲ್ವರ್ ಅಂದ್ರ ಪಳಗಿದ ಎತ್ತು ಇದ್ದಂಗರಿ," ಅನ್ನುತ್ತಿದ್ದರು ಕಾಕಾ. "ಒಂದು ಗುಂಡು ಹಾರಲಿಲ್ಲಂದ್ರ ಮತ್ತೊಮ್ಮೆ ಟ್ರಿಗರ್ ಒತ್ತು, ಮುಂದಿಂದು ಬರ್ತೈತಿ. ನಿಮ್ಮ ಪಿಸ್ತೂಲಿನ್ಯಾಗ ಒಂದು ಗುಂಡು ಅಡ್ಡ ಸಿಕ್ರ ಎರಡೂ ಕೈ ಬೇಕು, ಮ್ಯಾಲೆ ಬುದ್ಧಿನೂ ಬೇಕು."

"ಬುದ್ಧಿ ಬೇಕಾಗ್ತೈತಿ ಅಂತನಽ ನಿನಗ ಅದು ಸೇರಂಗಿಲ್ಲ ಬಿಡು," ಅಂತ ಇನ್‌ಸ್ಪೆಕ್ಟರ್ ನಗುತ್ತಿದ್ದರು. "ನಿಂದು ಆರು ಗುಂಡು. ಆರೂ ಮುಗದಮ್ಯಾಲೆ ಅದನ್ನ ಕಲ್ಲು ಒಗದಂಗ ಒಗೀಬೇಕು. ಇದರಾಗ ಹದಿಮೂರು ಅದಾವ."

"ಆರರಾಗ ಬೀಳದಾಂವ ಹದಿಮೂರರಾಗ ಬೀಳ್ತಾನೇನ್ರಿ?"

ಈ ವಾದದಲ್ಲಿ ಮೂರನೆಯದೊಂದು ಅಳತೆಯೂ ಬಂದು ಹೋಗುತ್ತಿತ್ತು. ಚುನಾವಣೆ ಬಂದಾಗ ಲೈಸೆನ್ಸ್ ಇದ್ದವರೆಲ್ಲ ತಮ್ಮ ಬಂದೂಕುಗಳನ್ನು ಪೊಲೀಸರಿಗೆ ಒಪ್ಪಿಸಬೇಕಲ್ಲ, ಆಗ ಗಂಗಾವತಿಯ ಅಕ್ಕಿ ಗಿರಣಿಯವರು ಬೆಲ್ಟಿನ ಚೀಲದಿಂದ ಒಂದೊಂದೇ ತೆಗೆದಿಡುತ್ತಾರೆ. ಬಹುತೇಕ ಎಲ್ಲವೂ ಪಾಯಿಂಟ್ ಮೂವತ್ತೆರಡರವು. ಒಬ್ಬ ಮಾಲೀಕರು ನನಗೆ ಹೇಳಿದ್ದರು, "ಇಷ್ಟು ಮಂದಿ ಮೂವತ್ತೆರಡನ್ನ ಇಟ್ಕೊಂಡಾರ ಅಂದಮ್ಯಾಲೆ ಅದಽ ಎಲ್ಲಾದಕ್ಕಿಂತ ಛಲೋ ಇರಬೇಕಲ್ರಿ."

"ಅಣ್ಣಾರ, ಉಳಿದ ಎರಡನ್ನ ನಿಮಗ ಕಾನೂನು ಕೊಡಂಗಿಲ್ರಿ. ಅದಕ್ಕ ಇದನ್ನ ಇಟ್ಕೊಂಡೀರಿ," ಅಂದೆ.

ಅವರು ತಮ್ಮ ಮೂವತ್ತೆರಡನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿ, "ಹಂಗಾರ ನಂದು ಲವ್ ಮ್ಯಾರೇಜ್ ಅಲ್ಲ ಬಿಡ್ರಿ, ಮನಿಯವ್ರು ತೋರಿಸಿದ್ದು," ಅಂದರು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗ. ಅಪ್ಪ ಅವ್ವ ಕುಷ್ಟಗಿ ಕಡೆಯ ಕಲ್ಲಿನ ಕ್ವಾರಿಯಲ್ಲಿ ದುಡಿದವರು. ಬಿಎಸ್‌ಸಿಯಲ್ಲಿ ಫಿಸಿಕ್ಸ್ ಓದಿದ್ದನ್ನು ನಾನು ಮರೆತಿಲ್ಲ, ಮರೆಯುವ ಮನಸ್ಸೂ ಇಲ್ಲ. ಆದೇಶ ಬಂದ ವಾರ ಒಂದು ವರ್ನಿಯರ್ ಕ್ಯಾಲಿಪರ್ ತಂದು ಎರಡೂ ಗುಂಡುಗಳ ಅಗಲ ಅಳೆದೆ. ಹೆಸರಿನಲ್ಲಿ ಮೂವತ್ತೆಂಟು, ಒಂಬತ್ತು ಅಂತ ಅಷ್ಟು ದೂರ ಕೇಳಿಸಿದರೂ ಒಂದು ಇಂಚಿನ ಲೆಕ್ಕ, ಇನ್ನೊಂದು ಮಿಲಿಮೀಟರಿನ ಲೆಕ್ಕ. ಗುಂಡಿನ ಮೂತಿಯ ಅಗಲ ಎರಡರದ್ದೂ ಹೆಚ್ಚುಕಡಿಮೆ ಒಂದೇ, ಕೂದಲೆಳೆಯಷ್ಟು ಫರಕು. ಮೂವತ್ತೆಂಟರ ಗುಂಡು ತೂಕದಲ್ಲಿ ಅರ್ಧದಷ್ಟು ಹೆಚ್ಚು. ಒಂಬತ್ತರದ್ದು ಹಗುರ, ಆದರೆ ವೇಗ ಸುಮಾರು ಎರಡು ಪಟ್ಟು.

ಕಾಕಾ ವರ್ನಿಯರ್ ಕಡೆ ನೋಡಿ, "ಎರಡೂ ಒಂದಽ ಅಗಲ ಇದ್ರ ಇಷ್ಟು ವರ್ಷ ನಾವು ಯಾತಕ್ಕ ಜಗಳಾಡಿದ್ವಿ?" ಅಂದರು.

"ಸೈಂಟಿಸ್ಟ್ ಬಂದ್ನಲ್ಲ, ಇನ್ನು ಮ್ಯಾಲೆ ತೂಕಕ್ಕ ಜಗಳಾಡೋಣು," ಅಂದರು ಇನ್‌ಸ್ಪೆಕ್ಟರ್.

ರಿವಾಲ್ವರ್ ಇಟ್ಟುಕೊಂಡವರಲ್ಲಿ ಹೆಣ್ಣುಮಗಳು ಅಂದರೆ ಒಬ್ಬರೇ, ಗಂಗಾವತಿಯ ಒಬ್ಬ ಹೆಡ್ ಕಾನ್‌ಸ್ಟೇಬಲ್. ಅವರ ತಂದೆ ಊರೂರು ತಿರುಗಿ ಗಾದಿಗೆ ಅರಳೆ ತುಂಬುತ್ತಿದ್ದವರು. ನನಗಿಂತ ವಯಸ್ಸಿನಲ್ಲಿ ದೊಡ್ಡವರು, ಹಾಗಾಗಿ ನಾನು ಅಕ್ಕಾರ ಅನ್ನುತ್ತೇನೆ. ಸಣ್ಣ ದೇಹ, ಸಣ್ಣ ಕೈ, ಮಾತು ಕಡಿಮೆ. ಅವರು ಕಾಯುತ್ತಿದ್ದದ್ದು ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರ ಹೊಲಿಗೆ ಕೆಲಸದ ಹೆಂಗಸನ್ನು. ಎದುರು ಮನೆಯ ಕಟ್ಟೆಯ ಮೇಲೆ ನಡೆದ ಒಂದು ಕೊಲೆಯನ್ನು ಆಕೆ ತನ್ನ ಹೊಲಿಗೆ ಯಂತ್ರದ ಮುಂದೆ ಕುಳಿತೇ ನೋಡಿದ್ದಳು. ನೋಡಿದವರು ಬೇರೆಯವರೂ ಇದ್ದರು. ಹೇಳಿಕೆಗೆ ಗಟ್ಟಿಯಾಗಿ ನಿಂತವಳು ಇವಳೊಬ್ಬಳೇ. ಆರೋಪಿಗಳ ಕಡೆಯವರು ಮನೆಗೆ ಬಂದು ಹೆದರಿಸಿ ಹೋದ ಮೇಲೆ ಊರು ಬಿಟ್ಟು ಗಂಗಾವತಿಯ ಅಕ್ಕನ ಮನೆ ಸೇರಿಕೊಂಡಿದ್ದಳು. ಕೋರ್ಟು ಕಾವಲು ಕೊಡಿಸಿತ್ತು.

ಮೊದಲು ಹೋದ ಗಂಡು ಕಾವಲಿನವನು ಒಳ್ಳೆಯವನೇ. ಆದರೆ ಆ ಸಣ್ಣ ಮನೆಯಲ್ಲಿ ಅಪರಿಚಿತ ಗಂಡಸು ಬಾಗಿಲಲ್ಲಿ ಕುಳಿತರೆ ಆಕೆ ಹಿತ್ತಲಿಗೆ ಹೋಗಲಿಕ್ಕೂ ಹಿಂಜರಿಯುತ್ತಿದ್ದಳಂತೆ. ಅಕ್ಕಾರು ಹೋದ ಮೇಲೆ ಆಕೆ ಮತ್ತೆ ಯಂತ್ರ ತುಳಿಯಲು ಶುರು ಮಾಡಿದಳು. ಅವರನ್ನು ಆಪಾ, ಅಂದರೆ ಅಕ್ಕಾ, ಅಂತ ಕರೆಯತೊಡಗಿದಳು. ಸಾಕ್ಷಿ ಹೇಳುವ ದಿನ ಹತ್ತಿರ ಬರುತ್ತಿತ್ತು. ರಿವಾಲ್ವರ್ ವಾಪಸ್ ಹೋಗುತ್ತದೆ, ಆಪಾ ಪರೀಕ್ಷೆ ಕೊಡಬೇಕು ಅನ್ನುವ ಸುದ್ದಿ ಕೇಳಿ ಆಕೆ ಸರ್ಕಾರಿ ವಕೀಲರಿಗೆ ಒಂದೇ ಮಾತು ಹೇಳಿದ್ದಳು: "ಆಪಾ ಇರದಿದ್ರ ನಾ ಕೋರ್ಟಿಗೆ ಬರಂಗಿಲ್ರಿ. ನನಗ ಅಷ್ಟು ಧೈರ್ಯ ಇಲ್ಲ." ಪಿಸ್ತೂಲು ಕಲಿತ ಬೇರೆ ಹೆಣ್ಣುಮಗಳು ಆಗ ನಮ್ಮಲ್ಲಿ ಇರಲಿಲ್ಲ.

ಫೈರಿಂಗ್ ರೇಂಜ್ ಇರುವುದು ಬಂಡೆಗುಡ್ಡಗಳ ನಡುವಿನ ಬೋಳು ಜಾಗದಲ್ಲಿ. ನಮ್ಮ ಕಡೆ ದೊಡ್ಡ ಭಯ ಗುರಿ ತಪ್ಪುವುದಲ್ಲ, ತಪ್ಪಿದ ಗುಂಡು ಬಂಡೆಗೆ ಬಡಿದು ಯಾವ ಕಡೆ ತಿರುಗುತ್ತದೋ ಅನ್ನುವುದು. ಅದಕ್ಕೇ ಗುರಿಹಲಗೆಗಳ ಹಿಂದೆ ಮರಳು ಮಣ್ಣಿನ ಎತ್ತರದ ದಿಬ್ಬ ಹಾಕಿದ್ದೇವೆ. ಮುಂಜಾನೆ ಕೆಂಪು ಬಾವುಟ ಏರಿಸಿ, ಕುರಿ ಕಾಯುವವರಿಗೂ ಬಾಳೆತೋಟಕ್ಕೆ ಹೋಗುವ ಹೆಂಗಸರಿಗೂ ಹೇಳಿ ಕಳಿಸಿ, ಹಾದಿಯ ಎರಡೂ ತುದಿಗೆ ಒಬ್ಬೊಬ್ಬರನ್ನು ನಿಲ್ಲಿಸಿದ ಮೇಲೆ ಶುರು. ಪರೀಕ್ಷೆ ಸರಳ. ಹತ್ತು ಗುಂಡು, ಮನುಷ್ಯಾಕೃತಿಯ ಹಲಗೆ, ಆರಾದರೂ ಆಕೃತಿಯ ಒಳಗೆ ಬೀಳಬೇಕು.

ಅಕ್ಕಾರ ಮೊದಲ ಗುಂಡು ಆಕೃತಿಯ ಎದೆಯ ನಡುವೆ ಬಿತ್ತು. ಆದರೆ ಅದರ ಜೊತೆಗೇ ಅವರ ಎಡಗೈ ಹೆಬ್ಬೆರಳು ಕೊಯ್ದು ರಕ್ತ ಬಂತು. ರಿವಾಲ್ವರಿನ ಹಿಂಭಾಗ ಅಲುಗಾಡುವುದಿಲ್ಲ. ಪಿಸ್ತೂಲಿನ ಮೇಲ್ಭಾಗ, ಸ್ಲೈಡ್ ಅನ್ನುತ್ತೇವೆ, ಪ್ರತಿ ಗುಂಡಿಗೂ ಕಣ್ಣಿಗೆ ಕಾಣದ ವೇಗದಲ್ಲಿ ಹಿಂದಕ್ಕೆ ಬಂದು ಖಾಲಿ ತೋಟೆಯನ್ನು ಹೊರಗೆ ಎಸೆಯುತ್ತದೆ, ಮುಂದಕ್ಕೆ ಹೋಗುವಾಗ ಹೊಸದನ್ನು ನಳಿಕೆಗೆ ತಳ್ಳುತ್ತದೆ. ಅವರ ಎಡ ಹೆಬ್ಬೆರಳು ಅದರ ಹಾದಿಯಲ್ಲಿತ್ತು.

"ಹೆಬ್ಬೆರಳು ಮುಂದ ಇಡ್ರಿ ಅಕ್ಕಾರ. ಸ್ಲೈಡಿನ ಹಿಂದ ಬ್ಯಾಡ," ಅಂದೆ. ಪಟ್ಟಿ ಸುತ್ತಿದೆವು. ಇವತ್ತಿಗೆ ಸಾಕು ಅಂದರೆ ಕೇಳಲಿಲ್ಲ. ಹೆಬ್ಬೆರಳು ಮುಂದಿಟ್ಟೇ ನಿಂತರು. ಎರಡನೆಯ ಗುಂಡಿಗೆ ಖಾಲಿ ತೋಟೆ ಹೊರಗೆ ಬೀಳದೆ ಸ್ಲೈಡಿನ ಬಾಯಲ್ಲಿ ನೆಟ್ಟಗೆ ಸಿಕ್ಕಿ ನಿಂತಿತು. ಅದನ್ನು ಬಿಡಿಸಿ ಕೊಟ್ಟೆ. ಇನ್ನೆರಡು ಗುಂಡು ಹಾರಿ ಮತ್ತೆ ಸಿಕ್ಕಿಕೊಂಡಿತು. ಬೇರೆ ಪಿಸ್ತೂಲು ಕೊಟ್ಟೆ, ಅದರಲ್ಲೂ ಅದೇ ಹಾಡು. ಅದೇ ಪಿಸ್ತೂಲು ತೆಗೆದುಕೊಂಡು ನಾನು ಹೊಡೆದರೆ ಒಂದು ಸಲವೂ ಸಿಕ್ಕಲಿಲ್ಲ. ಹತ್ತು ಮುಗಿದಾಗ ಆಕೃತಿಯ ಒಳಗೆ ಇದ್ದದ್ದು ನಾಲ್ಕು.

ಹಲಗೆಯ ಎದುರಿಗೇ ವಾದ ಶುರುವಾಯಿತು.

"ನಾ ಹೇಳಿದ್ನಿಲ್ರಿ," ಅಂದರು ಕಾಕಾ. "ಒಂಬತ್ತು ಅಂದ್ರ ಬಿರುಸು. ಅಂಥಾ ಕೈಗೆ ಮೂವತ್ತೆಂಟಽ ಬೇಕು."

"ಗನ್ನಿನದೇನು ತಪ್ಪು? ಅವನ ಕೈಯಾಗ ನಡೀತಲ್ಲ," ಅಂತ ಇನ್‌ಸ್ಪೆಕ್ಟರ್ ನನ್ನ ಕಡೆ ಕೈ ತೋರಿಸಿದರು. "ಕೈಯಾಗ ತಾಕತ್ತು ಇಲ್ಲ ಅಷ್ಟ. ಅದಕ್ಕ ನಾವೇನು ಮಾಡೂಣು."

ಒಬ್ಬರು ಪಿಸ್ತೂಲನ್ನು ಬೈದರು, ಇನ್ನೊಬ್ಬರು ಅದನ್ನು ಹೊಗಳಿದರು, ಇಬ್ಬರ ಮಾತೂ ಹೋಗಿ ಮುಟ್ಟಿದ್ದು ಒಂದೇ ಕಡೆಗೆ: ಇವರಿಂದ ಆಗುವುದಿಲ್ಲ. ಅಕ್ಕಾರು ಬೆರಳಿನ ಪಟ್ಟಿ ಬಿಗಿ ಮಾಡಿಕೊಳ್ಳುತ್ತ ಕೇಳಿಸಿಕೊಂಡರು. ಆಮೇಲೆ ಮೆತ್ತಗೆ, "ಯಾವ ಗುಂಡು ಛಲೋ ಅನ್ನೂದನ್ನ ನೀವು ಆರಾಮಾಗಿ ಮಾತಾಡ್ರಿ ಸಾಹೇಬ್ರ. ನಾ ಮನಿಗೆ ಹೋದ ಕೂಡ್ಲೆ ಆಕಿ ಕೇಳ್ತಾಳ, ಏನಾತು ಆಪಾ ಅಂತ. ಆಕಿಗೆ ಏನು ಹೇಳ್ಲಿ, ಅದನ್ನ ಹೇಳ್ರಿ," ಅಂದರು.

ನನಗೆ ತೋಚಿದ ಮೊದಲ ದಾರಿ, ಸಾಕ್ಷಿ ಮುಗಿಯುವ ತನಕ ಅವರಿಗೆ ರಿವಾಲ್ವರನ್ನೇ ಉಳಿಸಿಕೊಡಿ ಅಂತ ಮೇಲಿನವರನ್ನು ಕೇಳುವುದು. ಇನ್‌ಸ್ಪೆಕ್ಟರ್ ಒಪ್ಪಿದರು. ಕಳಿಸುವ ಮೊದಲು ಉಳಿದಿರುವ ಮೂವತ್ತೆಂಟರ ಗುಂಡುಗಳನ್ನು ಒಮ್ಮೆ ಹಾರಿಸಿ ನೋಡು ಅಂದರು. ಹೊಸ ಗುಂಡು ಬರುವುದು ನಿಂತು ಬಹಳ ಕಾಲವಾಗಿತ್ತು.

ಅದೇ ನೆಪದಲ್ಲಿ ಎರಡನ್ನೂ ಹೋಲಿಸಿಬಿಡೋಣ ಅಂತ ಗಿರಣಿಯಿಂದ ಭತ್ತದ ಹೊಟ್ಟು ತುಂಬಿದ ಗೋಣಿಚೀಲ ತರಿಸಿ, ನೀರು ಹೊಯ್ದು ತೋಯಿಸಿ, ದಿಬ್ಬದ ಮುಂದೆ ಸಾಲಾಗಿ ಒಂದರ ಹಿಂದೊಂದು ನಿಲ್ಲಿಸಿದೆವು. ಒಂಬತ್ತರ ಗುಂಡು ಎಲ್ಲ ಚೀಲಗಳನ್ನೂ ದಾಟಿ ಮರಳಿಗೆ ಹೋಯಿತು. ಮೂವತ್ತೆಂಟರದ್ದು ನಡುವೆಯೇ ಉಳಿಯಿತು.

"ನೋಡಿದ್ಯಾ ಕಾಕಾ," ಅಂದರು ಇನ್‌ಸ್ಪೆಕ್ಟರ್.

"ನೋಡಿದ್ನಿರಿ. ಕೋರ್ಟಿನ ಪಡಸಾಲ್ಯಾಗ ಹೊಡದ್ರ ಕಳ್ಳನ್ನ ದಾಟಿ ಹಿಂದ ನಿಂತ ವಕೀಲನಿಗೂ ಬಡೀತೈತಿ. ಅದು ಗುಣಾನೋ ಅವಗುಣಾನೋ ನೀವಽ ಹೇಳ್ರಿ."

ಇಬ್ಬರ ಮಾತೂ ಖರೆ. ಅಲ್ಲಿಯ ತನಕ ಕಾಕಾ ಗೆದ್ದಂತೆಯೇ ಇತ್ತು. ಆಮೇಲೆ ಅವರು ರಿವಾಲ್ವರಿಗೆ ಇನ್ನೊಂದು ಸುತ್ತು ಗುಂಡು ತುಂಬಿ ಹಲಗೆಗೆ ಹಿಡಿದರು. ಒಂದು ಹಾರಿತು. ಎರಡನೆಯದು ಟಕ್ ಅಂದು ಸುಮ್ಮನಾಯಿತು. ಅವರು ಯಾವಾಗಲೂ ಹೇಳುವಂತೆ ಮತ್ತೊಮ್ಮೆ ಟ್ರಿಗರ್ ಒತ್ತಿದರು. ಅದೂ ಟಕ್ ಅಂತು. ಅದರ ಮುಂದಿನದು ಹಾರಿತು, ಮತ್ತೊಂದು ಟಕ್. ಕಾಕಾ ನಳಿಕೆಯನ್ನು ದಿಬ್ಬದ ಕಡೆಯೇ ಹಿಡಿದುಕೊಂಡು, ತಡವಾಗಿ ಹಾರೀತೇನೋ ಅಂತ ಕಾದು, ಆಮೇಲೆ ಬಿಚ್ಚಿ ಗುಂಡುಗಳನ್ನು ಅಂಗೈಗೆ ಸುರಿದುಕೊಂಡರು. ಹಾರದ ಮೂರರ ಮೇಲೂ ರಿವಾಲ್ವರಿನ ಪಿನ್ನು ಸರಿಯಾಗೇ ಬಡಿದ ಗುರುತಿತ್ತು. ಮದ್ದು ಸತ್ತಿತ್ತು.

"ರಿವಾಲ್ವರಿನದು ತಪ್ಪಿಲ್ಲ," ಅಂದರು. "ಆದ್ರ ಇದನ್ನ ಆಕಿ ಕೈಯಾಗ ಕೊಡಾಕ ಬರಂಗಿಲ್ರಿ ಸಾಹೇಬ್ರ," ಅಂತ ಅವರೇ ಹೇಳಿದರು. ನಾನು ಆ ಮನವಿ ಕಳಿಸಲಿಲ್ಲ.

ಸಂಜೆ ಇನ್‌ಸ್ಪೆಕ್ಟರ್ ನನ್ನನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು. "ನೋಡಪಾ," ಅಂದರು, "ಆ ಸಾಕ್ಷಿದಾರಳ ಜೀವದ ಪ್ರಶ್ನೆ ಐತಿ. ಹತ್ತಕ್ಕ ಏಳು ಬಿದ್ದಾವು ಅಂತ ಬರದುಬಿಡು. ಆಕಿ ಪಿಸ್ತೂಲು ಇಟ್ಕೊಂಡು ಕುಂದರ್ಲಿ. ಗನ್‌ಮ್ಯಾನ್ ಅದಾರ ಅಂದ್ರ ಸಾಕು, ಯಾರೂ ಹತ್ರ ಬರಂಗಿಲ್ಲ. ಗುಂಡು ಹಾರಿಸೋ ವ್ಯಾಳ್ಯಾ ಎಲ್ಲಿ ಬರ್ತೈತಿ?"

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರು ಹೇಳಿದ್ದು ಬಹುಪಾಲು ನಿಜವೂ ಹೌದು. ನಮ್ಮ ಕೆಲಸದಲ್ಲಿ ಎಷ್ಟೋ ಜನ ಒಂದು ಗುಂಡೂ ಹಾರಿಸದೆ ನಿವೃತ್ತರಾಗುತ್ತಾರೆ. ನಾನು ಒಂದು ನಿಮಿಷ ಒಪ್ಪಿಯೂಬಿಟ್ಟಿದ್ದೆ. ಆದರೆ ಆ ತೋಟೆ ಸ್ಲೈಡಿನ ಬಾಯಲ್ಲಿ ನೆಟ್ಟಗೆ ನಿಂತದ್ದು ಕಣ್ಣಿಂದ ಹೋಗಲಿಲ್ಲ. ಯಾರಾದರೂ ಹತ್ತಿರ ಬಂದೇ ಬಿಟ್ಟರೆ? ಕೈಯಲ್ಲಿ ಪಿಸ್ತೂಲು ಇದೆ ಅಂತ ಅಕ್ಕಾರು ಮುಂದೆ ನಿಲ್ಲುತ್ತಾರೆ, ಓಡುವುದಿಲ್ಲ. ಆ ಪಿಸ್ತೂಲು ನಡೆಯದಿದ್ದರೆ ಸಾಯುವವರು ಇಬ್ಬರು.

"ಬರಿಯಂಗಿಲ್ರಿ ಸರ್," ಅಂದೆ. "ಫೇಲ್ ಅಂತನೂ ಬರಿಯಂಗಿಲ್ಲ. ತಿಂಗಳ ಕೊನಿಗೆ ಮತ್ತೊಂದು ಪರೀಕ್ಷೆಗೆ ಅವಕಾಶ ಐತಿ. ಅದನ್ನ ಇನ್ನೂ ಬಿಗಿ ಮಾಡೂಣ್ರಿ. ಹತ್ತು ಗುಂಡಿನ್ಯಾಗ ನೀವಽ ನಿಮಗ ಬೇಕಾದಲ್ಲಿ ಮದ್ದಿಲ್ಲದ ಖೊಟ್ಟಿ ಗುಂಡು ಸೇರಿಸ್ರಿ. ಪಿಸ್ತೂಲು ಸುಮ್ಮನಾದ್ರ ಅವರಽ ಬಿಡಿಸ್ಕೊಂಡು ಹೊಡೀಬೇಕು. ಅಷ್ಟಾದ್ರ ನಾ ಸಹಿ ಹಾಕ್ತೀನಿ."

"ನಿನ್ನ ಡಿಗ್ರಿ ತಲಿಗೇರೈತಿ," ಅಂದರು. ಆದರೆ ಬೇಡ ಅನ್ನಲಿಲ್ಲ.

ಈ ಸುದ್ದಿಯನ್ನು ಅಕ್ಕಾರಿಗೆ ನಾನೇ ಹೇಳಿದೆ, ಇನ್‌ಸ್ಪೆಕ್ಟರ್ ಏನು ಅಂದಿದ್ದರು ಅನ್ನುವುದನ್ನೂ ಮುಚ್ಚಿಡಲಿಲ್ಲ. ಅವರ ಮುಖ ಸಣ್ಣದಾಯಿತು. "ಏಳು ಅಂತ ಬರದುಬಿಟ್ಟಿದ್ರ ನಿಮ್ಮದೇನು ಹೋಗ್ತಿತ್ರಿ ಸಾಹೇಬ್ರ? ಅವರಽ ಹೂಂ ಅಂದಿದ್ರು."

"ನಂದೇನೂ ಹೋಗ್ತಿರಲಿಲ್ಲ ಅಕ್ಕಾರ. ನಿಮ್ಮದು ಹೋಗ್ತಿತ್ತು."

ಮರುದಿನ ಮುಂಜಾನೆ ಅವರು ರೇಂಜಿಗೆ ನನಗಿಂತ ಮೊದಲೇ ಬಂದು ನಿಂತಿದ್ದರು.

ನನಗೆ ಒಂದು ಸಂಗತಿ ತಿಳಿಯಬೇಕಿತ್ತು. ಕೈಯ ಶಕ್ತಿಯದೇ ಪ್ರಶ್ನೆಯಾದರೆ ಲೆಕ್ಕ ಹೊಂದುತ್ತಿರಲಿಲ್ಲ. ಒಂಬತ್ತರ ಗುಂಡು ಹಿಂದಕ್ಕೆ ಒದೆಯುವುದು ಸ್ವಲ್ಪ ಹೆಚ್ಚು ಖರೆ, ಆದರೆ ಪಿಸ್ತೂಲು ರಿವಾಲ್ವರಿಗಿಂತ ಭಾರ. ಒದೆತದ ಒಂದು ಪಾಲನ್ನು ಅದರ ತೂಕವೇ ನುಂಗುತ್ತದೆ. ಮೂವತ್ತೆಂಟನ್ನು ಇಷ್ಟು ವರ್ಷ ನೆಟ್ಟಗೆ ಹಿಡಿದ ಕೈ ಇದನ್ನೂ ಹಿಡಿಯಬೇಕು. ಹಾಗಾಗಿ ಮೊಬೈಲನ್ನು ಅವರ ಪಕ್ಕಕ್ಕೆ ಸ್ಟ್ಯಾಂಡಿನ ಮೇಲೆ ಇಟ್ಟು ನಿಧಾನಗತಿಯ ವಿಡಿಯೊ ಹಿಡಿದೆ. ಮ್ಯಾಗಜಿನ್ ನಾನೇ ತುಂಬಿದೆ, ನಿಜವಾದ ಗುಂಡುಗಳ ನಡುವೆ ಮದ್ದಿಲ್ಲದ ಖೊಟ್ಟಿ ಗುಂಡು ಸೇರಿಸಿ. ಯಾವುದು ಯಾವಾಗ ಬರುತ್ತದೆ ಅನ್ನುವುದು ಹೊಡೆಯುವವರಿಗೆ ಗೊತ್ತಿರುವುದಿಲ್ಲ. ಖೊಟ್ಟಿ ಬಂದಾಗ ಒದೆತವೇ ಇಲ್ಲ, ಆಗ ಕೈ ತಾನಾಗಿ ಏನು ಮಾಡುತ್ತದೆ ಅನ್ನುವುದು ಕಾಣುತ್ತದೆ.

ಕಂಡಿತು. ಟ್ರಿಗರ್ ಒತ್ತುವ ಕ್ಷಣಕ್ಕೆ ಅವರ ಎಡ ಹೆಬ್ಬೆರಳು ತನ್ನ ಹಳೆಯ ಜಾಗಕ್ಕೆ, ಹಿಂದಕ್ಕೆ, ಹೊರಡುತ್ತಿತ್ತು. ಹೊರಟ ಕೂಡಲೇ ಕೊಯ್ದ ನೆನಪಾಗಿ ಬೆಚ್ಚಿ, ಹೆಬ್ಬೆರಳಿನ ಜೊತೆ ಇಡೀ ಎಡಗೈಯೇ ಪಿಸ್ತೂಲು ಬಿಟ್ಟು ಸರಿಯುತ್ತಿತ್ತು. ಬಲಗೈ ಮಣಿಕಟ್ಟು ಸಡಿಲಾಗಿ ಮಣಿಯುತ್ತಿತ್ತು. ಸ್ಲೈಡ್ ಪೂರ್ತಿ ಹಿಂದಕ್ಕೆ ಬರಬೇಕಾದರೆ ಪಿಸ್ತೂಲಿನ ಉಳಿದ ಭಾಗ ಗಟ್ಟಿಯಾಗಿ ನಿಂತಿರಬೇಕು. ಇಡೀ ಪಿಸ್ತೂಲೇ ಹಿಂದಕ್ಕೆ ಹೋದರೆ ಸ್ಲೈಡ್ ಅರ್ಧ ದಾರಿಗೆ ನಿಂತು ತೋಟೆ ಸಿಕ್ಕಿಕೊಳ್ಳುತ್ತದೆ. ಒಂಬತ್ತರ ಬಿರುಸೂ ಅಲ್ಲ, ತಾಕತ್ತು ಕಮ್ಮಿಯೂ ಅಲ್ಲ.

ವಿಡಿಯೊವನ್ನು ಕಾಕಾಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಒಮ್ಮೆ ನೋಡಿದರು, ಮತ್ತೆ ಹಾಕು ಅಂದರು, ಮತ್ತೆ ನೋಡಿದರು.

"ಆ ಹೆಬ್ಬೆರಳು ನಾನಽ ಕಲಿಸಿದ್ದುರಿ," ಅಂದರು.

ಅಕ್ಕಾರು ಸೇರಿದ ಹೊಸತಿನಲ್ಲಿ ರೇಂಜಿನಲ್ಲಿ ಕಲಿಸುತ್ತಿದ್ದವರು ಕಾಕಾನೇ ಅಂತೆ. ರಿವಾಲ್ವರಿನ ಟ್ರಿಗರ್ ಬಿಗಿ. ಸಣ್ಣ ಕೈಯವರು ಅದನ್ನು ಎಳೆಯುವಾಗ ಮೂತಿ ಅಲುಗುತ್ತದೆ. ಅದಕ್ಕೇ ಎಡ ಹೆಬ್ಬೆರಳನ್ನು ಬಲಗೈಯ ಹಿಂದೆ ಅಡ್ಡ ಹಾಕಿ ಒತ್ತಿ ಹಿಡಿಯುವುದನ್ನು ಹೇಳಿಕೊಟ್ಟಿದ್ದರು. ರಿವಾಲ್ವರಿಗೆ ಅದು ಸರಿಯಾದ ಹಿಡಿತವೇ. ಅದರಿಂದಲೇ ಅಕ್ಕಾರು ಇಷ್ಟು ವರ್ಷ ಒಳ್ಳೆಯ ಗುರಿಕಾರರಾಗಿ ಉಳಿದಿದ್ದರು.

"ನೀವು ಕಲಿಸಿದ್ದನ್ನ ಆ ಕೈ ಇನ್ನೂ ಬಿಟ್ಟಿಲ್ಲ ನೋಡ್ರಿ ಕಾಕಾ. ಗಟ್ಟಿ ಕಲಿಸೀರಿ," ಅಂದೆ.

"ಗಟ್ಟಿ ಕಲಿಸಿದ್ದನ್ನ ಬಿಡಿಸೋದೂ ನನಗಽ ಬರಬೇಕಲ್ಲ," ಅಂತ ಎದ್ದರು. ನಳಿಕೆ ಒರೆಸುವ ಚಿಂದಿ ಬಟ್ಟೆಯಲ್ಲಿ ಉದ್ದನೆಯ ಪಟ್ಟಿ ಹರಿದು, ಅಕ್ಕಾರ ಎಡ ಹೆಬ್ಬೆರಳನ್ನು ಮುಂದಕ್ಕೆ ಚಾಚಿಸಿ ತೋರುಬೆರಳಿನ ಬದಿಗೆ ಕಟ್ಟಿದರು. ಖಾಲಿ ಪಿಸ್ತೂಲು ಕೈಗೆ ಕೊಟ್ಟು, ಮೊಣಕೈ ನೆಟ್ಟಗೆ, ಮೈ ಒಂದಿಷ್ಟು ಮುಂದಕ್ಕೆ. "ಇನ್ನು ಹಿಂದಕ್ಕ ಹೋಗಂದ್ರೂ ಹೋಗಂಗಿಲ್ಲ. ಒತ್ತು ತಂಗಿ."

ಒಂಬತ್ತನ್ನು ಕಂಡರಾಗದ ಮನುಷ್ಯ ಒಂಬತ್ತನ್ನು ಹಿಡಿಯುವುದು ಹೇಗೆ ಅಂತ ಪೂರ್ತಿ ಬೆಳಗು ಹೇಳಿಕೊಟ್ಟರು. ಇನ್‌ಸ್ಪೆಕ್ಟರ್ ಆ ಕಡೆ ಹಾದು ಹೋಗುವಾಗ, "ಪಾರ್ಟಿ ಬದಲಿ ಮಾಡಿದ್ಯೇನು ಕಾಕಾ?" ಅಂದರು. "ಇಲ್ರಿ, ಪಕ್ಷೇತರ," ಅಂದರು ಕಾಕಾ.

ಆದರೆ ಒಂದು ಬೆಳಗಿನಲ್ಲಿ ಕೈ ಹಳೆಯದನ್ನು ಮರೆಯುವುದಿಲ್ಲ. ದಿನವೂ ಅಭ್ಯಾಸ ಬೇಕು, ಅಕ್ಕಾರು ಕಾವಲು ಬಿಟ್ಟು ದಿನವೂ ಬರುವ ಹಾಗಿಲ್ಲ. ಹಾಗಾಗಿ ಮಧ್ಯಾಹ್ನ ನಾನೇ ಗಂಗಾವತಿಯ ಆ ಮನೆಗೆ ಹೋಗತೊಡಗಿದೆ. ಬಾಗಿಲಲ್ಲಿ ನನ್ನ ಜೊತೆ ಬಂದವನು ಕಾವಲು. ಒಳಗೆ, ಗುಂಡುಗಳನ್ನೆಲ್ಲ ತೆಗೆದು ಬೇರೆ ಕೋಣೆಯಲ್ಲಿಟ್ಟು, ನಳಿಕೆ ಖಾಲಿ ಇದೆ ಅಂತ ನಾನು ನೋಡಿ, ಅವರಿಗೂ ತೋರಿಸಿ, ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಒತ್ತಿಸುವುದು. ಖಾಲಿ ಪಿಸ್ತೂಲಿನ ಮೂತಿಯ ಮೇಲೆ ಒಂದು ಸಣ್ಣ ವಸ್ತು ಇಟ್ಟು, ಅದು ಬೀಳದ ಹಾಗೆ ಒತ್ತಬೇಕು. ನಾನು ಜೇಬಿನಲ್ಲಿ ಏನಾದರೂ ಸಿಗುತ್ತದೇನೋ ಅಂತ ತಡಕಾಡುತ್ತಿದ್ದಾಗ ಸಾಕ್ಷಿದಾರಳು ಯಂತ್ರದ ಹತ್ತಿರದ ಡಬ್ಬಿಯಿಂದ ಅಂಗಿಯ ಗುಂಡಿಯೊಂದನ್ನು ತಂದು ಕೊಟ್ಟಳು. ಮೊದಲ ಸಲ ಆಕೆಯ ದನಿ ಕೇಳಿದ್ದು ಆಗಲೇ.

"ಇದನ್ನ ಇಡ್ರಿ. ಹಗುರ ಐತಿ."

ಗುಂಡಿ ಬಿದ್ದಾಗಲೆಲ್ಲ ಆಕೆಯೇ ಎತ್ತಿ ಇಡುತ್ತಿದ್ದಳು. ಎಷ್ಟೋ ಹೊತ್ತು ಹೀಗೆ ನಡೆದ ಮೇಲೆ, "ಆಪಾ, ನನ್ನ ಸಲುವಾಗಿ ನಿನಗ ಎಷ್ಟು ತ್ರಾಸು," ಅಂದಳು.

"ನಿನ್ನ ಸಲುವಾಗಿ ಯಾಕ," ಅಂದರು ಅಕ್ಕಾರು, ಕಣ್ಣು ಗೋಡೆಯ ಗುರುತಿನ ಮೇಲೇ ಇತ್ತು. "ನೀ ಮಾಡೋ ಜೋಳದ ರೊಟ್ಟಿ ಬಿಟ್ಟು ಹೋಗಾಕ ಮನಸಿಲ್ಲ, ಅದರ ಸಲುವಾಗಿ."

ಆಕೆ ನಕ್ಕಳು. ಗುಂಡಿ ಬೀಳಲಿಲ್ಲ.

ಎರಡನೆಯ ಪರೀಕ್ಷೆಗೆ ಇನ್‌ಸ್ಪೆಕ್ಟರ್ ತಾವೇ ಬಂದು ಮ್ಯಾಗಜಿನ್ ತುಂಬಿದರು, ನಮಗೆ ಬೆನ್ನು ಮಾಡಿ. ಚಿಂದಿ ಪಟ್ಟಿ ಬಿಚ್ಚಿಸಿದ್ದೆವು. ಮೊದಲ ಮೂರು ಗುಂಡು ಸರಾಗ. ನಾಲ್ಕನೆಯದು ಟಕ್ ಅಂತು. ಅಕ್ಕಾರು ಮ್ಯಾಗಜಿನ್ ಬುಡಕ್ಕೆ ಅಂಗೈಯಿಂದ ಬಡಿದು, ಸ್ಲೈಡ್ ಎಳೆದು ಬಿಟ್ಟು, ಖೊಟ್ಟಿ ಹೊರಗೆ ಹಾರಿದ ಕೂಡಲೇ ಮತ್ತೆ ಗುರಿ ಹಿಡಿದು ಹೊಡೆದರು. ಇನ್ನೊಂದು ಖೊಟ್ಟಿ ಕೊನೆಯ ಹತ್ತಿರ ಬಂತು. ಆಗ ಒಂದು ಕ್ಷಣ ಹೆಬ್ಬೆರಳು ಹಿಂದಕ್ಕೆ ಹೊರಟದ್ದನ್ನು ನಾನು ನೋಡಿದೆ. ಕಾಕಾ ನನ್ನ ತೋಳು ಹಿಡಿದರು. ಹೊರಟ ಹೆಬ್ಬೆರಳು ನಿಂತಿತು, ತನ್ನ ಜಾಗಕ್ಕೆ ಬಂತು. ಅವರು ಉಸಿರು ಬಿಟ್ಟು, ಬಿಡಿಸಿಕೊಂಡು, ಹೊಡೆದರು. ಹಲಗೆಯ ಹತ್ತಿರ ಹೋಗಿ ನೋಡಿದರೆ ಖೊಟ್ಟಿ ಬಿಟ್ಟು ಉಳಿದವು ಎಂಟು, ಅದರಲ್ಲಿ ಒಳಗೆ ಏಳು.

ಇನ್‌ಸ್ಪೆಕ್ಟರ್ ಆಕೃತಿಯ ಮೇಲಿನ ತೂತುಗಳ ಮೇಲೆ ಬೆರಳಾಡಿಸುತ್ತ, "ನಾನೂ ಏಳಽ ಹೇಳಿದ್ದೆ," ಅಂದರು. ಅಕ್ಕಾರು ಬಾಯಿಗೆ ಸೆರಗಿಲ್ಲದ್ದರಿಂದ ಟೋಪಿ ಅಡ್ಡ ಹಿಡಿದು ನಕ್ಕರು. ನಾನು ಸಹಿ ಹಾಕಿದೆ.

ಸಾಕ್ಷಿಯ ದಿನ ಕೊಪ್ಪಳದ ಕೋರ್ಟಿಗೆ ಬಂದೋಬಸ್ತಿಗೆ ನಾನೂ ಹೋಗಿದ್ದೆ. ಆಕೆ ಕಟಕಟೆಯಲ್ಲಿ ಬಹಳ ಹೊತ್ತು ನಿಂತಳು. ಅಕ್ಕಾರು ಬಾಗಿಲಿನ ಹೊರಗೆ, ಆಕೆಗೆ ಕಾಣುವ ಹಾಗೆ. ಒಳಗೆ ಏನು ಕೇಳಿದರು, ಏನು ಹೇಳಿದಳು, ಪಡಸಾಲೆಯಲ್ಲಿದ್ದ ನನಗೆ ಸರಿಯಾಗಿ ಕೇಳಿಸಲಿಲ್ಲ. ಎದುರು ವಕೀಲರು ದನಿ ಏರಿಸಿದ್ದು ಕೇಳಿತು, ಆಕೆ ಪ್ರತಿ ಸಲವೂ ಅದೇ ದನಿಯಲ್ಲಿ ಉತ್ತರ ಕೊಟ್ಟದ್ದು ಕೇಳಿತು. ಮುಗಿದ ಮೇಲೆ ಹೊರಗೆ ಬಂದಳು, ಬೆವರಿನಲ್ಲಿ ತೊಯ್ದಿದ್ದಳು.

ಅಂಗಳ ದಾಟಿ ಜೀಪಿಗೆ ಹೋಗಬೇಕಿತ್ತು. ಬೇವಿನ ಮರದ ಕೆಳಗೆ ಆರೋಪಿಗಳ ಕಡೆಯವರು ಗುಂಪಾಗಿ ನಿಂತಿದ್ದರು. ಎಲ್ಲರೂ ಆಕೆಯನ್ನೇ ನೋಡುತ್ತಿದ್ದರು. ಮೆಟ್ಟಿಲು ಇಳಿಯುವಾಗ ಆಕೆ ಅಕ್ಕಾರ ಕೈ ಹಿಡಿದಳು. ಹಿಡಿದದ್ದು ಬಲಗೈ.

ಕಾವಲಿನವರ ಬಲಗೈ ಯಾವಾಗಲೂ ಖಾಲಿ ಇರಬೇಕು. ನಾನು ಹೇಳಿಕೊಡುವ ಮೊದಲ ಪಾಠವೇ ಅದು. ಆ ಕೈ ಸಿಕ್ಕಿಕೊಂಡರೆ ಸೊಂಟದಲ್ಲಿ ಮೂವತ್ತೆಂಟು ಇದ್ದರೇನು, ಒಂಬತ್ತು ಇದ್ದರೇನು. ಅಕ್ಕಾರಿಗೂ ಇದು ಗೊತ್ತು. ಅವರು ಒಮ್ಮೆ ಆಕೆಯ ಮುಖ ನೋಡಿದರು, ಒಮ್ಮೆ ದೂರದಿಂದ ನನ್ನ ಕಡೆ ನೋಡಿದರು. ಕೈ ಬಿಡಿಸಿಕೊಳ್ಳಲಿಲ್ಲ.

ನಾನು ಬೇಗ ಬೇಗ ಹೆಜ್ಜೆ ಹಾಕಿ ಅವರ ಬಲಬದಿಗೆ, ಆ ಮರ ಮತ್ತು ಅವರಿಬ್ಬರ ನಡುವೆ ಸೇರಿಕೊಂಡೆ. ನನ್ನ ಬಲಗೈ ಖಾಲಿ ಇತ್ತು. ಮೂವರೂ ಜೀಪಿನ ತನಕ ಹಾಗೆಯೇ ನಡೆದೆವು.